ಉಡುಪಿ–ಕಾಸರಗೋಡು ವಿದ್ಯುತ್ ಪ್ರಸರಣ ಮಾರ್ಗ

ಉಡುಪಿ–ಕಾಸರಗೋಡು ವಿದ್ಯುತ್ ಪ್ರಸರಣ ಮಾರ್ಗವು ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರವನ್ನು ಕೇರಳದ ಕಾಸರಗೋಡು ಜಿಲ್ಲೆಯ ಕರಿಂದಳಂ ಉಪಕೇಂದ್ರದೊಂದಿಗೆ ಜೋಡಿಸುವುದಕ್ಕಾಗಿ ಯೋಜಿಸಲಾದ 400 ಕಿಲೋವೋಲ್ಟ್ (ಕೆ.ವಿ.) ಒತ್ತಡದ ತಂತಿಮಾರ್ಗ. ಇದರ ಉದ್ದ ಸುಮಾರು 115 ಕಿ.ಮೀ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅಡಿಕೆ ತೋಟ, ಗದ್ದೆ ಮತ್ತು ಗುಡ್ಡಗಳ ಮೇಲೆ ಹಾದುಹೋಗುವ ಈ ಮಾರ್ಗಕ್ಕೆ ಅಲ್ಲಿನ ಕೃಷಿಕರಿಂದ ತೀವ್ರ ವಿರೋಧ ವ್ಯಕ್ತವಾಗಿದೆ.

ಹಿನ್ನೆಲೆ

ಕೇರಳದ ಉತ್ತರ ಭಾಗಕ್ಕೆ ವಿದ್ಯುತ್ ಪೂರೈಕೆಯನ್ನು ಬಲಪಡಿಸುವುದು ಯೋಜನೆಯ ಮುಖ್ಯ ಉದ್ದೇಶ. ಕೇಂದ್ರ ಸರ್ಕಾರದ ಸ್ಪರ್ಧಾತ್ಮಕ ಹರಾಜು ಪದ್ಧತಿಯಲ್ಲಿ ಇದರ ಗುತ್ತಿಗೆಯು ಸ್ಟರ್ಲೈಟ್ ಪವರ್ ಸಂಸ್ಥೆಗೆ ದೊರೆಯಿತು. ಯೋಜನೆಗಾಗಿಯೇ ರಚಿತವಾದ ಉಡುಪಿ ಕಾಸರಗೋಡು ಟ್ರಾನ್ಸ್‌ಮಿಷನ್ ಲಿಮಿಟೆಡ್ ಎಂಬ ಕಂಪನಿಯನ್ನು ಆ ಸಂಸ್ಥೆ 2019ರಲ್ಲಿ ವಶಕ್ಕೆ ತೆಗೆದುಕೊಂಡಿತು.

ಮಾರ್ಗದ ಆರಂಭ ಬಿಂದುವಾದ ಎಲ್ಲೂರಿನ ಕಲ್ಲಿದ್ದಲು ಸ್ಥಾವರವು 600 ಮೆಗಾವಾಟ್‌ನ ಎರಡು ಘಟಕಗಳನ್ನು ಹೊಂದಿದೆ. ಹಾರುಬೂದಿಯಿಂದ ಬೆಳೆಗಳಿಗೆ, ವಿಶೇಷವಾಗಿ ಶಂಕರಪುರ ಮಲ್ಲಿಗೆಗೆ, ಹಾನಿಯಾಗುತ್ತದೆ ಎಂಬ ದೂರು ಆ ಭಾಗದಲ್ಲಿ ಬಹುಕಾಲದಿಂದ ಇದೆ. ಅಲ್ಲಿಂದ ಹಾಸನದ ಕಡೆಗೆ ಇನ್ನೊಂದು 400 ಕೆ.ವಿ. ಮಾರ್ಗ ಈಗಾಗಲೇ ಸಾಗಿದೆ. ಆದ್ದರಿಂದ ಹೊಸ ಮಾರ್ಗದ ಬಗೆಗಿನ ಅಸಮಾಧಾನವನ್ನು ಹಳೆಯ ಅನುಭವದಿಂದ ಬೇರ್ಪಡಿಸಿ ನೋಡಲಾಗದು.

ಕೊಡಗಿನಲ್ಲಿ ಮೈಸೂರು–ಕೋಳಿಕ್ಕೋಡ್ 400 ಕೆ.ವಿ. ಮಾರ್ಗಕ್ಕೂ ಕಾಫಿ ಬೆಳೆಗಾರರು ಮತ್ತು ಪರಿಸರಾಸಕ್ತರು ವರ್ಷಗಳ ಕಾಲ ವಿರೋಧ ವ್ಯಕ್ತಪಡಿಸಿದ್ದರು. ಆ ಮಾರ್ಗ 2015ರಲ್ಲಿ ಕಾರ್ಯಾರಂಭ ಮಾಡಿತು.

ತೋಟಗಾರಿಕೆಯ ಮೇಲಿನ ಪರಿಣಾಮ

ಬಯಲುಸೀಮೆಯ ಹೊಲದಲ್ಲಿ ತಂತಿಯ ಕೆಳಗೂ ರಾಗಿ ಅಥವಾ ನೆಲಗಡಲೆ ಬೆಳೆಯಬಹುದು. ಅಡಿಕೆ ತೋಟದಲ್ಲಿ ಇದು ಸಾಧ್ಯವಿಲ್ಲ. 400 ಕೆ.ವಿ. ತಂತಿಯು ಅತ್ಯಂತ ಜೋತುಬಿದ್ದ ಸ್ಥಳದಲ್ಲಿಯೂ ನೆಲದಿಂದ ಕನಿಷ್ಠ 8.84 ಮೀಟರ್ ಎತ್ತರದಲ್ಲಿರಬೇಕು. ತಂತಿಗೂ ಮರಕ್ಕೂ ನಡುವೆ 5.5 ಮೀಟರ್ ಅಂತರವಿರಬೇಕು. ಹೀಗಾಗಿ ಆ ಸ್ಥಳದಲ್ಲಿ ಮೂರೂಕಾಲು ಮೀಟರಿಗಿಂತ ಹೆಚ್ಚು ಬೆಳೆಯುವ ಯಾವ ಗಿಡಕ್ಕೂ ಅವಕಾಶವಿಲ್ಲ. ಗೋಪುರಗಳನ್ನು ಎತ್ತರಿಸಿದರೆ ಈ ಮಿತಿ ಸ್ವಲ್ಪ ಸಡಿಲವಾಗುತ್ತದೆ. ಆದರೆ ಹತ್ತು ಹದಿನೈದು ಮೀಟರ್ ಎತ್ತರಕ್ಕೆ ಬೆಳೆಯುವ ಅಡಿಕೆ ಮರಕ್ಕೆ, ಅದಕ್ಕಿಂತಲೂ ಎತ್ತರದ ತೆಂಗಿಗೆ, ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಂತಹ ಮಾರ್ಗಕ್ಕೆ ನಿಗದಿಯಾದ ಪಟ್ಟಿಯ ಅಗಲ 46 ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ ಇದು 4.6 ಹೆಕ್ಟೇರ್ ಆಗುತ್ತದೆ. ಶಿಫಾರಸು ಮಾಡಲಾದ 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ ಅಷ್ಟು ಜಾಗದಲ್ಲಿ ಸುಮಾರು 6,300 ಅಡಿಕೆ ಮರಗಳಿರುತ್ತವೆ. ಸಸಿ ನೆಟ್ಟು ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ಬಳಿಕ ಮರವು ದಶಕಗಳ ಕಾಲ ಆದಾಯ ನೀಡುತ್ತದೆ. ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನೆರಳಿನಲ್ಲಿ ಬೆಳೆಯುವ ಕೊಕ್ಕೋ ಇವೂ ಮರದೊಡನೆಯೇ ಹೋಗುತ್ತವೆ. ಕಡಿದ ಪಟ್ಟಿಯ ಅಂಚಿನಲ್ಲಿ ಉಳಿದ ಮರಗಳಿಗೂ ತೊಂದರೆ ತಪ್ಪಿದ್ದಲ್ಲ, ಏಕೆಂದರೆ ಪಡುವಣ ಬಿಸಿಲು ನೇರವಾಗಿ ಬಿದ್ದರೆ ಅಡಿಕೆಯ ಕಾಂಡ ಸುಟ್ಟು ಸೀಳುತ್ತದೆ.

ತೋಟದ ಕೆಲಸವೇ ಅಪಾಯಕಾರಿಯಾಗಬಹುದು ಎಂಬುದು ಇನ್ನೊಂದು ಆತಂಕ. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಬೇಕಾಗುತ್ತದೆ. ಮರ ಹತ್ತುವವರು ವಿರಳವಾದ ಮೇಲೆ ನೆಲದಲ್ಲಿ ನಿಂತೇ ಉದ್ದನೆಯ ದೋಟಿಯಿಂದ ಸಿಂಪಡಣೆ ಮತ್ತು ಕೊಯ್ಲು ಮಾಡುವ ಕ್ರಮ ಬಳಕೆಗೆ ಬಂದಿದೆ. ಈ ದೋಟಿಗಳನ್ನು ತಯಾರಿಸುವ ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ಎರಡೂ ವಿದ್ಯುತ್ ವಾಹಕಗಳು.

ತುಳುನಾಡಿನ ವಸತಿ ಕ್ರಮವೂ ಇಲ್ಲಿ ಗಮನಾರ್ಹ. ಮನೆಗಳು ಒಂದೆಡೆ ಗುಂಪಾಗಿರದೆ ಅವರವರ ತೋಟಗಳಲ್ಲಿ ಚದುರಿಕೊಂಡಿರುವುದರಿಂದ ಊರನ್ನು ಬಳಸಿ ಮಾರ್ಗ ಎಳೆಯುವುದೆಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ. ಭೂಸುಧಾರಣೆಯ ನಂತರ ಹಿಡುವಳಿಗಳು ಸಣ್ಣವಾಗಿವೆ; ಒಂದೆರಡು ಎಕರೆಯ ತೋಟದ ನಡುವೆ 46 ಮೀಟರ್ ಪಟ್ಟಿ ಹಾದರೆ ಉಳಿಯುವುದು ಅಲ್ಪ.

ಆರೋಗ್ಯದ ಪ್ರಶ್ನೆ

ಗ್ರಾಮಸ್ಥರ ಸಭೆಗಳಲ್ಲಿ ವಿದ್ಯುತ್ಕಾಂತೀಯ ಕ್ಷೇತ್ರದಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಕೇಳಿಬರುವುದುಂಟು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಅತಿ ಕಡಿಮೆ ಆವರ್ತಾಂಕದ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದಾದ’ 2ಬಿ ವರ್ಗಕ್ಕೆ ಸೇರಿಸಿತು. ಮಕ್ಕಳ ರಕ್ತಕ್ಯಾನ್ಸರ್ ಕುರಿತ ಸೀಮಿತ ಪುರಾವೆ ಇದಕ್ಕೆ ಆಧಾರ. ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ. ಈ ಭಯವನ್ನು ಉತ್ಪ್ರೇಕ್ಷಿಸುವುದೂ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ.

ಕಾನೂನು ಮತ್ತು ಪರಿಹಾರ

ರಸ್ತೆ ಅಥವಾ ಅಣೆಕಟ್ಟೆಗೆ ಮಾಡುವಂತೆ ತಂತಿಮಾರ್ಗಕ್ಕೆ ಭೂಸ್ವಾಧೀನ ಮಾಡುವುದಿಲ್ಲ. ವಿದ್ಯುತ್ ಕಾಯ್ದೆ 2003ರ 164ನೆಯ ಪ್ರಕರಣದಡಿ, 1885ರ ಭಾರತೀಯ ತಂತಿ ಕಾಯ್ದೆಯು ಟೆಲಿಗ್ರಾಫ್ ಪ್ರಾಧಿಕಾರಕ್ಕೆ ಕೊಟ್ಟಿದ್ದ ಅಧಿಕಾರವನ್ನು ಪ್ರಸರಣ ಕಂಪನಿಗೆ ವಹಿಸಬಹುದು. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯುತ್ತದೆ, ಅದರ ಬಳಕೆಯ ಮೇಲೆ ಶಾಶ್ವತ ನಿರ್ಬಂಧ ಬೀಳುತ್ತದೆ. ಭೂಮಾಲೀಕನ ಪೂರ್ವ ಒಪ್ಪಿಗೆ ಅಗತ್ಯವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿದೆ. ರೈತರು ಅಡ್ಡಿಪಡಿಸಿದರೆ ಕಂಪನಿಯು ಜಿಲ್ಲಾಧಿಕಾರಿಯ ಅನುಮತಿ ಪಡೆದು ಕೆಲಸ ಮುಂದುವರಿಸಬಹುದು. ಪರಿಹಾರ ಸಾಲದೆಂದು ಕಂಡರೆ ಜಿಲ್ಲಾ ನ್ಯಾಯಾಧೀಶರ ಮೊರೆ ಹೋಗಲು ರೈತರಿಗೆ ಅವಕಾಶವಿದೆ.

ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಮಾರ್ಗಸೂಚಿಯು ಗೋಪುರ ನಿಲ್ಲುವ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಪರಿಹಾರವನ್ನು ಸೂಚಿಸಿತ್ತು. ಜೂನ್ 2024ರ ಹೊಸ ಮಾರ್ಗಸೂಚಿ ಇವನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಬೆಳೆ ಮತ್ತು ಮರಗಳ ಪರಿಹಾರ ಇದಕ್ಕೆ ಹೊರತಾದುದು. ಇಲ್ಲಿ ಭೂಮೌಲ್ಯವನ್ನು ಯಾವ ದರದಲ್ಲಿ ಲೆಕ್ಕ ಹಾಕುತ್ತಾರೆ ಎಂಬುದೇ ಮುಖ್ಯ. ನೋಂದಣಿ ಇಲಾಖೆಯ ಮಾರ್ಗಸೂಚಿ ದರವು ಪೇಟೆ ಧಾರಣೆಗಿಂತ ಬಹಳ ಕೆಳಗಿರುವುದು ಸಾಮಾನ್ಯ. ವರ್ಗ ಜಮೀನಿಗೆ ಹೊಂದಿಕೊಂಡ ಕುಮ್ಕಿಯಲ್ಲಿ ತೋಟ ಮಾಡಿದವರ ಸ್ಥಿತಿ ಇನ್ನೂ ಅನಿಶ್ಚಿತ: ಕುಮ್ಕಿಯು ಸರ್ಕಾರಿ ಭೂಮಿ, ಕೃಷಿಕನಿಗೆ ಅದರಲ್ಲಿರುವುದು ಸವಲತ್ತು ಮಾತ್ರ.

ಬೇಡಿಕೆಗಳು

ಕಾರ್ಕಳ ತಾಲ್ಲೂಕಿನ ಇನ್ನಾ ಹಾಗೂ ಬಂಟ್ವಾಳ ತಾಲ್ಲೂಕಿನ ವಿಟ್ಲ ಭಾಗಗಳಲ್ಲಿ ಪ್ರತಿಭಟನೆಗಳು ನಡೆದಿವೆ. ತಂತಿಯನ್ನು ನೆಲದಡಿಯ ಕೇಬಲ್ ಮೂಲಕ ಒಯ್ಯಬೇಕು ಎಂಬುದು ಪ್ರತಿಭಟನಕಾರರ ಮುಖ್ಯ ಬೇಡಿಕೆ. ಪರ್ಯಾಯ ವಿದ್ಯುತ್ತನ್ನು ಇಷ್ಟು ಒತ್ತಡದಲ್ಲಿ ದೂರದವರೆಗೆ ನೆಲದಡಿಯಲ್ಲಿ ಸಾಗಿಸುವುದು ತಾಂತ್ರಿಕವಾಗಿ ಕಷ್ಟ, ವೆಚ್ಚವೂ ಅನೇಕ ಪಟ್ಟು ಅಧಿಕ. ಹಾಗೆಂದು ಈ ಬೇಡಿಕೆಗೆ ಪೂರ್ವನಿದರ್ಶನವೇ ಇಲ್ಲವೆಂದಲ್ಲ. ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ ವಿದ್ಯುತ್ ಒಯ್ಯುವ, 2021ರಲ್ಲಿ ಆರಂಭವಾದ ಏಕಮುಖ ವಿದ್ಯುತ್ ಮಾರ್ಗದಲ್ಲಿ ಕೇರಳದೊಳಗಿನ 27 ಕಿ.ಮೀ.ನಷ್ಟು ಭಾಗವನ್ನು, ಜಾಗದ ಅಭಾವದ ಕಾರಣದಿಂದಲೇ, ನೆಲದಡಿಯ ಕೇಬಲ್ಲಾಗಿ ನಿರ್ಮಿಸಲಾಗಿದೆ.