ಬಾಡಿಗೆ ಮನೆ ಹುಡುಕಿದವರ ಬೆಂಗಳೂರು

2025ರ ಮಳೆಗಾಲದಲ್ಲಿ ನಮ್ಮಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕಚೇರಿ ವೈಟ್‌ಫೀಲ್ಡಿನಲ್ಲಿ. ಪತ್ರ ಬಂದ ಸಂಜೆಯೇ ಫೋನು ಮಾಡಿ, "ಚಿಕ್ಕಮ್ಮ, ಕಡಿಮೆ ಬಾಡಿಗೆಗೆ ಒಳ್ಳೆ ಏರಿಯಾ ಯಾವುದು ಹೇಳಿ" ಅಂದಳು, ಸೀರೆ ಅಂಗಡಿಯ ವಿಳಾಸ ಕೇಳಿದಷ್ಟು ಸಲೀಸಾಗಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಬಾಡಿಗೆ ಮನೆ ಹುಡುಕಿ ನೋಡು ಅನ್ನುವುದನ್ನು ಯಾಕೆ ಮರೆತರೋ! ಇದೇ ಪ್ರಶ್ನೆಗೆ 1985ರಲ್ಲಿ ನಾವು ಗಂಡ ಹೆಂಡಿರು ಒಂದೇ ಮಧ್ಯಾಹ್ನದಲ್ಲಿ ಉತ್ತರ ಕಂಡುಕೊಂಡಿದ್ದೆವು. ಆ ಉತ್ತರ ತಪ್ಪಾಗಿತ್ತು.

ಆಗ ನಮ್ಮವರಿಗೆ ಹಾಸನದಿಂದ ವರ್ಗವಾಗಿತ್ತು. ಬಸವನಗುಡಿಯ ಕಡೆ ಒಂದು ಖಾಸಗಿ ಶಾಲೆಯಲ್ಲಿ ನನಗೂ ಕನ್ನಡ ಕಲಿಸುವ ಕೆಲಸ ಸಿಕ್ಕಿತ್ತು. ತಿಂಗಳಿಗೆ 600 ರೂಪಾಯಿ. ನೋಡಿದ ಮನೆಗಳಲ್ಲಿ ಎರಡು ಮನಸ್ಸಿಗೆ ಬಂದವು. ಒಂದು ಚಾಮರಾಜಪೇಟೆಯ ವಠಾರದಲ್ಲಿ ಮೂರು ಚದರದ ಹೆಂಚಿನ ಮನೆ, ಬಾಡಿಗೆ 450. ಇನ್ನೊಂದು ಮಾಗಡಿ ರಸ್ತೆಯಿಂದ ಬಹಳ ಒಳಗೆ, ಆಗಷ್ಟೇ ಏಳುತ್ತಿದ್ದ ಬಡಾವಣೆಯಲ್ಲಿ ಆರು ಚದರದ ತಾರಸಿ ಮನೆ, ಬಾಡಿಗೆ 300. ಹತ್ತು ತಿಂಗಳ ಅಡ್ವಾನ್ಸೂ ಅಲ್ಲಿ ಅಷ್ಟೇ ಕಡಿಮೆ. ಕಿಟಕಿ ತೆರೆದರೆ ರಾಗಿ ಹೊಲ. ನಮ್ಮವರು ಅಲ್ಲೇ ನಿಂತು ಬೆರಳು ಮಡಿಸಿ, "ತಿಂಗಳಿಗೆ ನೂರೈವತ್ತು ಉಳೀತು ನೋಡು" ಅಂದರು. ನಾನೂ ಹೂಂ ಅಂದೆ. ಆರು ಚದರದ ಮನೆ ನೋಡಿದ ಕಣ್ಣಿಗೆ ವಠಾರ ಯಾಕೆ ಹಿಡಿಸೀತು?

ಹಾಲುಕ್ಕಿಸಿದ ಮರುದಿನದಿಂದ ಲೆಕ್ಕ ಬೇರೆಯಾಯಿತು. ನಲ್ಲಿ ಇತ್ತು, ನೀರಿರಲಿಲ್ಲ. ಎರಡು ಫರ್ಲಾಂಗು ದೂರದ ಕೈಪಂಪಿನಿಂದ ಬೆಳಿಗ್ಗೆ ಆರು ಬಿಂದಿಗೆ, ಸಂಜೆ ನಾಲ್ಕು. ಬಸ್ಸಿಗೆ ಮುಖ್ಯರಸ್ತೆಯವರೆಗೆ ನಡೆಯಬೇಕು, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಆಗಿನ ನಗರ ಸಾರಿಗೆಯ ಹೆಸರು ಬಿ.ಟಿ.ಎಸ್. ಬಿಟ್ಟರೆ ತಿರುಗಾ ಸಿಗೋದಿಲ್ಲ ಎಂದು ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. ನಮ್ಮ ಕಡೆಯ ಬಸ್ಸಿಗೆ ಆ ಮಾತು ಅಕ್ಷರಶಃ ನಿಜ. ಒಂದು ಮಳೆಯ ಸಂಜೆ ಬಸ್ಸು ತಪ್ಪಿ ಮನೆ ಸೇರುವಾಗ ರಾತ್ರಿ ಒಂಬತ್ತು. ಮೂರು ವರ್ಷದ ಮಗ ಪಕ್ಕದ ಮನೆಯವರ ಜಗುಲಿಯಲ್ಲಿ ಗೋಣಿತಾಟಿನ ಮೇಲೆ ಮಲಗಿ ನಿದ್ದೆ ಹೋಗಿದ್ದ. ಎಂಟು ತಿಂಗಳು ಹಾಗೂ ಹೀಗೂ ತಳ್ಳಿ, ಒಂಬತ್ತನೆಯ ತಿಂಗಳು ಕೆಲಸ ಬಿಟ್ಟೆ. ನೂರೈವತ್ತು ಉಳಿಸಲು ಹೋಗಿ ಆರುನೂರು ಕಳೆದುಕೊಂಡೆವು. ಮತ್ತೆ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ನನ್ನ ಹೆಸರು ಏರಲಿಲ್ಲ.

ಕೆಲಸ ಬಿಟ್ಟ ಮೇಲೆ ಹೊತ್ತಿಗೇನೂ ಬರವಿರಲಿಲ್ಲ. ಲೈಬ್ರರಿಯಿಂದ ಬೆಂಗಳೂರಿನ ಚರಿತ್ರೆ ಹೇಳುವ ಪುಸ್ತಕಗಳನ್ನು ತಂದು ಓದತೊಡಗಿದೆ. ಊರಿನ ಮೇಲಿನ ಪ್ರೀತಿಯಿಂದಲ್ಲ. ಒಂದು ಬೀದಿಯಲ್ಲಿ ನೀರು ಬಂದು ಇನ್ನೊಂದರಲ್ಲಿ ಯಾಕೆ ಬರುವುದಿಲ್ಲ ಎಂಬ ಸಿಟ್ಟಿನಿಂದ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಯಾರೂ ಏರಿಯಾ ಹುಡುಕುತ್ತಾ ಅಲೆದಿರಲಾರರು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಹೇಳುವಂತೆ ಕಸುಬು ಇದ್ದಲ್ಲಿ ಮನೆ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಕೆಲಸಕ್ಕೂ ಮನೆಗೂ ನಡುವೆ ಒಂದು ಹೊಸಿಲು. ನೀರಿಗೆ ಧರ್ಮಾಂಬುಧಿ ಕೆರೆ. ನಾನು ಬಸ್ಸಿಗೆ ಕಾಯುತ್ತಾ ಸೆಖೆಯಲ್ಲಿ ನಿಲ್ಲುತ್ತಿದ್ದ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಆ ಕೆರೆಯ ಅಂಗಳದಲ್ಲೇ! ಇದನ್ನು ಓದಿದ ದಿನ ನನಗೆ ನಗುವೂ ಬಂತು, ಹೊಟ್ಟೆಯುರಿಯೂ ಆಯಿತು.

1809ರಲ್ಲಿ ಬ್ರಿಟಿಷರ ದಂಡು ಬಂದು ಪೂರ್ವಕ್ಕೆ ಬೇರೆಯೇ ಊರಾಯಿತು. ಪೇಟೆಯವರು ಮಾತ್ರ ತಮ್ಮ ಕಿಷ್ಕಿಂಧೆಯಲ್ಲೇ ಇದ್ದರು, 1898ರ ಪ್ಲೇಗು ಬರುವವರೆಗೆ. ಆ ವರ್ಷ ರೈಲುಹಾದಿ ಹಿಡಿದು ಬಂದ ಮಾರಿ ಒತ್ತೊತ್ತಾದ ಮನೆಗಳನ್ನು ಹುಡುಕಿ ಹುಡುಕಿ ಹೊಕ್ಕಿತು. ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಹೆಸರಿನಲ್ಲೇ ಮಾರಮ್ಮನ ಗುಡಿಗಳೆದ್ದವು. ಗಾಳಿ ಬೆಳಕಿನ ಮಹತ್ವ ಅಧಿಕಾರಿಗಳಿಗೆ ಆಗ ಚೆನ್ನಾಗಿ ಮನದಟ್ಟಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಇಂದು ನಾವು 'ಹಳೇ ಬೆಂಗಳೂರಿನ ಸೊಬಗು' ಎಂದು ಹಾಡಿ ಹೊಗಳುವ ಬಡಾವಣೆಗಳು ಸಾವಿನ ಭಯದಿಂದ ಬೆಳೆದವು.

ಆದರೆ ಆ ಗಾಳಿ ಬೆಳಕು ಎಲ್ಲರಿಗೂ ಸಿಗಲಿಲ್ಲ. ನಿವೇಶನ ಕೊಂಡು ಮನೆ ಕಟ್ಟುವ ಶಕ್ತಿ ಇದ್ದವರಿಗೆ ಸಿಕ್ಕಿತು. ಅದರಲ್ಲೂ ಇಂಥ ಜಾತಿಯವರಿಗೆ ಇಂಥ ಭಾಗ ಎಂಬ ವಿಂಗಡಣೆ ಇತ್ತು. ಮನೆ ಕೇಳಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿ "ನೀವು ಯಾವ ಜನ?" ಎಂದು ಕೇಳುವ ಪದ್ಧತಿಯ ಬೇರು ಅಲ್ಲೂ ಸ್ವಲ್ಪ ಇದೆ. ಈಗ ಹಾಗೆ ಕೇಳಲು ನಾಚಿಕೆಪಟ್ಟು "ವೆಜ್ಜಾ, ನಾನ್‌ವೆಜ್ಜಾ?" ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಉಳಿದವರಿಗೆ ಒದಗಿದ್ದು ವಠಾರ. ನಡುವೆ ಉದ್ದನೆಯ ಅಂಗಳ, ಎರಡೂ ಬದಿ ರೈಲು ಡಬ್ಬಿಗಳ ಹಾಗೆ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಕೊನೆಯಲ್ಲಿ ಸಾಲು ಪಾಯಿಖಾನೆ. ನಾನು ಬೇಡವೆಂದ ಚಾಮರಾಜಪೇಟೆಯ ವಠಾರದಲ್ಲಿ ನನ್ನ ಸ್ನೇಹಿತೆಯೊಬ್ಬಳು ಹನ್ನೊಂದು ವರ್ಷ ಇದ್ದಳು. ಅಲ್ಲಿಗೆ ಹೋದಾಗಲೆಲ್ಲ ನಲ್ಲಿಯ ಮುಂದಿನ ಬಿಂದಿಗೆಗಳ ಸಾಲು, ಅದರ ಪಾಳಿ, ಜಗಳ, ಎದುರು ಮನೆಯ ಒಗ್ಗರಣೆ ಇವಳ ಮನೆಯಲ್ಲಿ ಸೀನು ಬರಿಸುವುದು, ಎಲ್ಲ ನೋಡಿದ್ದೇನೆ. ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡುವ ಕಲೆಯನ್ನೂ ಅಲ್ಲಿಯೇ ಕಂಡೆ. ಆದರೆ ಅವಳ ಮಗುವಿಗೆ ಜ್ವರ ಬಂದ ದಿನವೂ ಅವಳು ಆಫೀಸಿಗೆ ಹೋಗಿಬಂದಳು, ಏಕೆಂದರೆ ವಠಾರದ ಅಜ್ಜಿಯೊಬ್ಬರು ಗಂಟೆಗೊಮ್ಮೆ ಗಂಜಿ ಕುಡಿಸಿದರು. ಅವಳು ಪೂರ್ತಿ ಪಿಂಚಣಿ ಪಡೆದು ನಿವೃತ್ತಳಾದಳು. ಬಾಡಿಗೆಯ ಲೆಕ್ಕ ಹಾಕುವಾಗ ಆ ಅಜ್ಜಿಗೆ ಎಷ್ಟು ರೂಪಾಯಿ ಹಿಡಿಯಬೇಕು ಎಂಬುದು ನನಗಾಗ ತಿಳಿದಿರಲಿಲ್ಲ.

ಊರು ದಿಢೀರನೆ ಉಬ್ಬಿದ್ದು ಕಾರ್ಖಾನೆಗಳಿಂದ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 8 ಲಕ್ಷದ ಹತ್ತಿರ ಬಂತು. ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿದವರು ಪುಣ್ಯವಂತರು. ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವೂ ಮನೆಯ ಜೊತೆಗೇ ಬರುತ್ತಿತ್ತು. ಮಿಕ್ಕವರಿಗಾಗಿ 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. 1948ರಲ್ಲಿ ಜಯನಗರ, ಮರುವರ್ಷ ರಾಜಾಜಿನಗರ. 1976ರಲ್ಲಿ ಆ ಬೋರ್ಡಿನ ಜಾಗಕ್ಕೆ ಬಿ.ಡಿ.ಎ. ಬಂತು. ಸೈಟು ಸಿಕ್ಕಿದವರು ಸಾಲ ಮಾಡಿ ಕೆಳಗೆ ಮನೆ ಕಟ್ಟಿ, ಸಾಲ ತೀರಿಸಲು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಬೆಂಗಳೂರಿನ ಬಾಡಿಗೆದಾರರಲ್ಲಿ ಎಷ್ಟೋ ಜನ ಬಾಳಿದ್ದು ಇಂಥ 'ಮೇಲಿನ ಮನೆ'ಗಳಲ್ಲಿ, ಓನರಮ್ಮನ ತಲೆಯ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತಾ.

ಬಿ.ಡಿ.ಎ. ಕೊಟ್ಟಷ್ಟು ಸೈಟು ಸಾಲಲಿಲ್ಲ. 1971ರಲ್ಲಿ 16 ಲಕ್ಷ ದಾಟಿದ್ದ ಊರು 1981ಕ್ಕೆ 29 ಲಕ್ಷವಾಯಿತು. ಆಗ ಹೊಲವನ್ನೇ ತುಂಡು ಮಾಡಿ ಮಾರುವ ರೆವಿನ್ಯೂ ಸೈಟುಗಳು ಹುಟ್ಟಿಕೊಂಡವು. ಚರಂಡಿ ಇಲ್ಲ, ನೀರಿಲ್ಲ, ರಸ್ತೆ ಎಂದರೆ ಎರಡು ಸುಣ್ಣದ ಗೆರೆ. ಅಲ್ಲಿ ಬಾಡಿಗೆ ಕಡಿಮೆ. ನಮ್ಮ ಆರು ಚದರದ ಮನೆ ನಿಂತಿದ್ದು ಅಂಥ ಸೈಟಿನಲ್ಲಿ.

ನೀರಿನ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಅದೂ ಸಾಲದೆ 1974ರಿಂದ ಕಾವೇರಿ. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು. ಇಷ್ಟು ಕಷ್ಟಪಟ್ಟು ತಂದ ನೀರು ಕೊಳವೆ ಇರುವ ಬೀದಿಗಷ್ಟೇ ಬರುತ್ತದೆ, ಕೊಳವೆಯಾದರೋ ಮನೆಗಳು ಎದ್ದು ಎಷ್ಟೋ ವರ್ಷಗಳ ಮೇಲೆ ಬರುತ್ತದೆ. ತಿಪ್ಪಗೊಂಡನಹಳ್ಳಿ ಇರುವುದು ಮಾಗಡಿ ರಸ್ತೆಯ ದಿಕ್ಕಿನಲ್ಲೇ. ನಾನು ಕೈಪಂಪಿನ ಮುಂದೆ ಬಿಂದಿಗೆ ಹಿಡಿದು ನಿಂತಿದ್ದಾಗ ಊರಿಗೆಲ್ಲ ನೀರು ಕೊಡುವ ಜಲಾಶಯ ನನ್ನ ಬೆನ್ನ ಹಿಂದಿತ್ತು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವ ಹಾಗಿಲ್ಲ. 2007ರಲ್ಲಿ 110 ಹಳ್ಳಿಗಳನ್ನು ಮಹಾನಗರಕ್ಕೆ ಸೇರಿಸಿದರು. ಆ ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ ಕೊಳವೆ ಬಾವಿ, ಟ್ಯಾಂಕರು. ಅದೇ 2024ರ ಮಾರ್ಚಿನಲ್ಲಿ ಕೊಳವೆ ಬಾವಿಗಳು ಬತ್ತಿ, ಲಕ್ಷಗಟ್ಟಲೆ ಸಂಬಳದವರೂ ಟ್ಯಾಂಕರಿಗೆ ಕಾದು ಕುಳಿತದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ.

ಕಾನೂನಿನ ವಿಷಯ ಎರಡೇ ಮಾತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಹೊಕ್ಕ ಬಾಡಿಗೆದಾರ ಬಿಡುವುದಿಲ್ಲವೆಂದು ಓನರುಗಳು ಹೆದರುತ್ತಿದ್ದರು. 1999ರ ಹೊಸ ಕಾಯ್ದೆ 2001ರ ಕೊನೆಗೆ ಜಾರಿಗೆ ಬಂತು. ಹನ್ನೊಂದು ತಿಂಗಳ ಕರಾರೂ ಹತ್ತು ತಿಂಗಳ ಅಡ್ವಾನ್ಸೂ ಇದಾವುದಕ್ಕೂ ಜಗ್ಗದೆ ಬಹುಕಾಲ ಉಳಿದವು. ಕೈಯಲ್ಲಿ ಇಡಿಗಂಟು ಇದ್ದವರು ಭೋಗ್ಯಕ್ಕೆ ಹಾಕಿಕೊಂಡರು. ನಮ್ಮಂಥವರ ಹತ್ತಿರ ಇಡಿಗಂಟು ಎಲ್ಲಿಂದ ಬರಬೇಕು?

ಅಕ್ಕನ ಮಗಳಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಪಾಪ, ಸಹನೆಯಿಂದ ಕೇಳಿದಳು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲೆಂದು ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಎದ್ದ ಹಳ್ಳಿ, ವೈಟ್ ಎಂಬುವರ ಹೆಸರಿನದು ಎಂದಾಗ ಮಾತ್ರ, "ಅಯ್ಯೋ, ನಾನು ಬಿಳೀ ಹೊಲ ಅಂದ್ಕೊಂಡಿದ್ದೆ" ಎಂದು ನಕ್ಕಳು.

ಆಮೇಲೆ ಅವಳೇ ಎರಡು ಮನೆ ನೋಡಿ ಬಂದಳು. ಒಂದು ವಿಜಯನಗರದಲ್ಲಿ ಮೇಲಿನ ಮನೆ, ಬಾಡಿಗೆ 13,000. ಕಾವೇರಿ ನೀರು, ಕೂಗಿದರೆ ಕೇಳುವಷ್ಟು ಹತ್ತಿರ ಮಾರ್ಕೆಟ್ಟು. 2023ರ ಅಕ್ಟೋಬರಿನಿಂದ ಅಲ್ಲಿ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡಿನಲ್ಲೇ ಇಳಿಯಬಹುದು. ಇನ್ನೊಂದು ಅವಳ ಕಚೇರಿಯ ಹತ್ತಿರ, ದೊಡ್ಡ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಹಳ್ಳಿಯ ಗಲ್ಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಬಾಡಿಗೆ 15,500, ಟ್ಯಾಂಕರು ನೀರಿಗೆ ಬೇರೆ 700.

ನಾನು ವಿಜಯನಗರ ಅಂದೆ. ಎರಡನೆಯ ಮಾತೇ ಇಲ್ಲ, ಕಾವೇರಿ ನೀರು.

ಅವಳು ಕಾಗದ ಹಿಡಿದು ಕೂತಳು. ಮೆಟ್ರೋ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 90 ರೂಪಾಯಿಯಾಗಿತ್ತು. ಅವಳ ದೂರಕ್ಕೆ ಅಷ್ಟೇ. ಹೋಗಿಬರಲು 180, ತಿಂಗಳಿಗೆ 22 ದಿನಕ್ಕೆ 3,960. ಅಲ್ಲಿಗೆ ವಿಜಯನಗರ 16,960 ಆಯಿತು, ಹಳ್ಳಿಯ ಗಲ್ಲಿ 16,200. "ಬಸ್ಸಲ್ಲಿ ಹೋಗೇ, ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ" ಅಂದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ನಾನು ಮೊದಲು ನೆನೆಸಿಕೊಂಡದ್ದು ನನ್ನ ಎಂಟು ತಿಂಗಳ ಬಸ್‌ಚಾರ್ಜನ್ನೇ. ಅವಳು ತಲೆಯಾಡಿಸಿದಳು. ಮೆಟ್ರೋದಲ್ಲೇ ಬಾಗಿಲಿಂದ ಬಾಗಿಲಿಗೆ ಒಂದೂವರೆ ಗಂಟೆ. ಬಸ್ಸಿನಲ್ಲಿ ದೇವರೇ ಗತಿ.

ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು: "ಚಿಕ್ಕಮ್ಮ, ನೀವು ಕೆಲಸ ಬಿಟ್ಟಿದ್ದು ನೀರಿಗಾಗಿಯೋ, ಬಸ್ಸಿಗಾಗಿಯೋ?"

ನಲವತ್ತು ವರ್ಷ ನಾನು ನೀರಿನ ಕಥೆಯನ್ನೇ ಹೇಳಿಕೊಂಡು ಬಂದಿದ್ದೆ. ಹೇಳಲು ಅದೇ ಸುಲಭ. ಬಿಂದಿಗೆ ಹೊತ್ತದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ರಾಜೀನಾಮೆ ಬರೆದದ್ದು ಆ ಜಗುಲಿಯ ರಾತ್ರಿಯಾದ ಮೇಲೆ. ಹತ್ತು ಬಿಂದಿಗೆಗಳನ್ನು ಹೇಗೋ ಹೊರುತ್ತಿದ್ದೆ.

"ಬಸ್ಸಿಗೆ" ಅಂದೆ.

ಅವಳು ಹಳ್ಳಿಯ ಗಲ್ಲಿಯ ಮನೆಯನ್ನೇ ಹಿಡಿದಳು. ಸಾಮಾನು ಸಾಗಿಸಿದ ದಿನ ನಾನೂ ಹೋಗಿದ್ದೆ. ಹಾಲುಕ್ಕಿಸುವ ಮೊದಲೇ ಅಡುಗೆಮನೆಯ ನಲ್ಲಿ ತಿರುಗಿಸಿದೆ. ಗೊರಗೊರ ಸದ್ದಾಗಿ ಸಣ್ಣಗೆ ನೀರು ಬಂತು, ಟ್ಯಾಂಕರಿನದು. ಓನರಮ್ಮ ಗಲ್ಲಿಯ ಅಂಚಿನಲ್ಲಿ ಅಗೆದು ಮುಚ್ಚಿದ ಗುರುತು ತೋರಿಸಿ, "ಕಾವೇರಿ ಪೈಪು ಹಾಕಿ ಆಗಿದೆ ಕಣಮ್ಮ, ಕನೆಕ್ಷನ್ ಒಂದೇ ಬಾಕಿ" ಅಂದರು. ಯಾವಾಗ ಎಂದು ನಾನು ಕೇಳಲಿಲ್ಲ. ಸಂಜೆ ಇಬ್ಬರೂ ಹೋಗಿ ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮು ಕೊಂಡು ಆಟೋದಲ್ಲಿ ಹಾಕಿಸಿಕೊಂಡು ಬಂದೆವು. ಒಂದನ್ನು ಬಚ್ಚಲಲ್ಲಿಟ್ಟೆವು. ಇನ್ನೊಂದಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ. ಮಂಚದ ತಲೆದೆಸೆಯಲ್ಲಿಟ್ಟು, ಅದರ ಮೇಲೊಂದು ಟವೆಲು ಹಾಸಿ, ಅವಳು ತನ್ನ ಫೋನನ್ನೂ ಕನ್ನಡಕವನ್ನೂ ಅದರ ಮೇಲಿಟ್ಟಳು.