ಜಾಗತೀಕರಣ: ಮಾಡಿದ್ದೋ, ಬಂದದ್ದೋ?

‘ಜಗತ್’ ಹುಟ್ಟಿದ್ದು ಸಂಸ್ಕೃತದ ‘ಗಮ್’ ಧಾತುವಿನಿಂದ. ಗಮ್ ಎಂದರೆ ಹೋಗು. ಯಾವುದು ನಿಲ್ಲದೆ ಚಲಿಸುತ್ತದೋ ಅದು ಜಗತ್ತು. ಅದೇ ಬುಡದ ‘ಜಗತಿ’ ಮಾತ್ರ ಕದಲದೆ ಕೂತಿತು: ಬೇಲೂರು, ಸೋಮನಾಥಪುರಗಳ ಗುಡಿಗಳು ನಿಂತಿರುವ ಎತ್ತರದ ಕಟ್ಟೆಗೆ ಜಗತಿ ಎಂದೇ ಹೆಸರು.

ಜಗತ್ತಿಗೆ ‘ಈಕರಣ’ದ ಬಾಲ ಬಂದದ್ದು ತೀರ ಈಚೆಗೆ. ಹಿಂದೆ ಹಾಗಿಲ್ಲದ್ದನ್ನು ಹಾಗೆ ಮಾಡುವುದು ಎಂದು ಆ ಬಾಲದ ಅರ್ಥ. ವ್ಯಾಕರಣದಲ್ಲಿ ಇದು ಚ್ವಿ ಪ್ರತ್ಯಯದ ಕೆಲಸ. 1991ರ ಜುಲೈನಲ್ಲಿ ಮನಮೋಹನ ಸಿಂಗ್ ಬಜೆಟ್ ಮಂಡಿಸಿದ ಮೇಲೆ ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಮೂರೂ ಪತ್ರಿಕೆಗಳಲ್ಲಿ ಜೊತೆಜೊತೆಗೇ ಓಡಾಡತೊಡಗಿದವು. (ಅರಬ್ಬಿ ಮೂಲದ ಖಾಸಗಿಗೆ ಪಾಣಿನಿಯ ಪ್ರತ್ಯಯ! ಅರಿಸಮಾಸಕ್ಕೇ ಮೂಗು ಮುರಿಯುತ್ತಿದ್ದ ಹಳೆಯ ವೈಯಾಕರಣರು ಇದನ್ನು ಕಂಡಿದ್ದರೆ ಏನನ್ನುತ್ತಿದ್ದರೋ.)

ಕರಣ ಎಂದ ಮೇಲೆ ಮಾಡುವವನೊಬ್ಬ ಇರಬೇಕು. 1969ರಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು ಯಾರು ಎಂದರೆ ಇಂದಿರಾ ಗಾಂಧಿ ಎಂದು ಯಾರಾದರೂ ಹೇಳಿಯಾರು. ಆದರೆ ‘ಜಾಗತೀಕರಿಸಿದರು’ ಎಂಬ ಮಾತು ಕಿವಿಗೆ ಬೀಳುವುದೇ ಅಪರೂಪ. ಮುಂಗಾರು ಬಂದ ಮೇಲೆ ಎಂದಂತೆ ‘ಜಾಗತೀಕರಣ ಬಂದ ಮೇಲೆ’ ಎನ್ನುತ್ತೇವೆ. ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತೆರೆದದ್ದಕ್ಕೂ ರಾಮನಗರದ ರೇಷ್ಮೆಗೆ ಚೀನಾದ ನೂಲು ಪೈಪೋಟಿ ಕೊಟ್ಟದ್ದಕ್ಕೂ ಕಾರಣ ಹೀಗೆ ‘ಬಂದ’ ಜಾಗತೀಕರಣವೇ. ವ್ಯಾಕರಣ ‘ಮಾಡು’ ಎಂದದ್ದನ್ನು ಆಡುಮಾತು ‘ಬಾ’ ಎಂದು ತಿದ್ದಿತು. ಕರ್ತೃ ಸದ್ದಿಲ್ಲದೆ ಜಾರಿಕೊಂಡ.

ಅವನನ್ನು ಹೆಸರು ಹಿಡಿದು ಕೂಗಿದವರು ರೈತ ಸಂಘದವರು. ಗ್ಯಾಟ್ ಸಂಸ್ಥೆಯ ಆರ್ಥರ್ ಡಂಕೆಲ್ 1991ರಲ್ಲಿ ಮುಂದಿಟ್ಟ ಕರಡು ಒಪ್ಪಂದ ‘ಡಂಕೆಲ್ ಪ್ರಸ್ತಾವ’ವಾಗಿ ನಮ್ಮ ಹಳ್ಳಿಗಳ ಭಾಷಣಕ್ಕೂ ಇಳಿಯಿತು. 1992ರ ಡಿಸೆಂಬರಿನಲ್ಲಿ ರೈತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೊಂದಿಗೆ ಯುರೋಪಿಗೇ ಹೋಗಿ ವಿಶ್ವ ವ್ಯಾಪಾರ ಸಂಸ್ಥೆಯ ವಿರುದ್ಧ ಘೋಷಣೆ ಕೂಗಿ ಬಂದರು. ಗಮ್ ಧಾತುವಿಗೆ ನ್ಯಾಯ ಒದಗಿಸಿದ್ದು ಆ ಪ್ರವಾಸವೇ ಎಂದು ನನಗನ್ನಿಸುತ್ತದೆ.

ಈಗ ಜಾಗತೀಕರಣ ಹೆಚ್ಚಾಗಿ ವಿಚಾರಸಂಕಿರಣಗಳ, ಪರೀಕ್ಷೆಯ ಪ್ರಬಂಧಗಳ ಸೊತ್ತು. ಓಡುತ್ತಿರುವ ನಾಣ್ಯ ‘ಜಾಗತಿಕ’. 2010ರ ಜೂನ್‌ನಲ್ಲಿ ಸರ್ಕಾರ ಬೆಂಗಳೂರಿನಲ್ಲಿ ‘ಜಾಗತಿಕ ಹೂಡಿಕೆದಾರರ ಸಮಾವೇಶ’ ನಡೆಸಿತು. ಅಂಥ ವೇದಿಕೆಯಲ್ಲಿ ಪಕ್ಕದ ಬೀದಿಯ ಹೂಡಿಕೆದಾರನೂ ಜಾಗತಿಕನೇ.