ಬೇಸಿಗೆಯ ಗುಡುಗುಮಳೆ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆ

ಹಾಸನ ಜಿಲ್ಲೆಯ ಉತ್ತರ ಭಾಗದಲ್ಲಿ ಮಾರ್ಚಿನಿಂದ ಮೇ ಕೊನೆಯವರೆಗೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲುಗಳೊಡನೆ ಬೀಳುವ ಮಳೆ. ಹವಾಮಾನ ಇಲಾಖೆಯ ಕಡತದಲ್ಲಿ ಇದರ ಹೆಸರು ಮುಂಗಾರು ಪೂರ್ವ ಮಳೆ. ಊರವರ ಬಾಯಲ್ಲಿ ಅಡ್ಡಮಳೆ, ಬೇಸಿಗೆ ಮಳೆ, ಇಲ್ಲವೇ ಆಗ ನಡೆಯುತ್ತಿರುವ ನಕ್ಷತ್ರದ ಹೆಸರು ಹಿಡಿದು ಅಶ್ವಿನಿ, ಭರಣಿ, ಕೃತ್ತಿಕೆ. ಈ ಮಳೆ ಒಂದೂರಿಗೆ ಬಂದು ಪಕ್ಕದೂರಿಗೆ ಕೈಕೊಡುವುದು ಸಾಮಾನ್ಯ. ಆದ್ದರಿಂದ ಇದನ್ನು ಒಬ್ಬರೇ ಕೂತು ಕಾಯಲಾಗದು. ‘ನಿಮ್ಮ ಕಡೆ ಬಂತಾ?’ ಎಂದು ಕೇಳುತ್ತಲೇ ಕಾಯಬೇಕು. ಸಂತೆಯಲ್ಲಿ, ಬಸ್ಸಿನಲ್ಲಿ, ಆಮೇಲೆ ದೂರವಾಣಿಯಲ್ಲಿ ಕೇಳುತ್ತಿದ್ದ ಈ ಪ್ರಶ್ನೆ ಈಗ ಮೊಬೈಲಿನ ವಾಟ್ಸಾಪ್ ಗುಂಪುಗಳಿಗೆ ಬಂದಿದೆ. ಜೊತೆಗೆ ಉಪಗ್ರಹದ ಚಿತ್ರ, ಸಿಡಿಲಿನ ನಕ್ಷೆ, ಮಳೆಮಾಪಕದ ಅಂಕಿ ಸೇರಿಕೊಂಡಿವೆ.

ನೆಲದ ಇಳಿಜಾರು

ಬೇಲೂರಿನಿಂದ ಅರಸೀಕೆರೆಗೆ ನೇರ ಗೆರೆ ಎಳೆದರೆ ಸುಮಾರು 45 ಕಿ.ಮೀ. ಅಷ್ಟರೊಳಗೆ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಬೇಲೂರಿನ ಪಡುವಲಲ್ಲಿ ಕಾಫಿ, ಮೆಣಸು. ಹಳೇಬೀಡಿನ ಸುತ್ತ ಆಲೂಗಡ್ಡೆ, ಮುಸುಕಿನ ಜೋಳ, ಶುಂಠಿ. ಜಾವಗಲ್ ದಾಟಿ ಅರಸೀಕೆರೆ ಸೇರಿದರೆ ತೆಂಗು, ರಾಗಿ. ಅರಸೀಕೆರೆಗೆ ವರ್ಷವಿಡೀ ಬೀಳುವ ಮಳೆ ಸುಮಾರು 700 ಮಿ.ಮೀ. ಪಡುವಲಿಗೆ ಹೋದಷ್ಟೂ ಅದು ಏರುತ್ತದೆ. ಘಟ್ಟ ಏರುವಷ್ಟರಲ್ಲಿ ನೀರು ಸುರಿಸಿಕೊಂಡ ಮುಂಗಾರು ಮೋಡ ಅರಸೀಕೆರೆಗೆ ಬರುವಾಗ ಬರಿಗೈ. ಹೀಗಾಗಿ ಅಲ್ಲಿ ಮೇ ತಿಂಗಳ ಗುಡುಗುಮಳೆ ಜೂನಿನ ಮುಂಗಾರಿಗಿಂತ ಹೆಚ್ಚು ನೀರು ತರುವುದುಂಟು. ಮಲೆನಾಡಿನವರಿಗೆ ಮುನ್ನುಡಿಯಾದ ಮಳೆ ಬಯಲಿನವರಿಗೆ ಅರ್ಧ ಪುಸ್ತಕ.

ನೀರಿನ ದಾರಿಯೂ ಈ ಸೀಮೆಯಲ್ಲೇ ಕವಲೊಡೆಯುತ್ತದೆ. ಬೇಲೂರಿನಲ್ಲಿ ಬಿದ್ದದ್ದು ಯಗಚಿ, ಹೇಮಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಬಾಣಾವರದ ಕಡೆ ಬಿದ್ದದ್ದು ವೇದಾವತಿಯ ಮೂಲಕ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ಎರಡೂ ನದಿಗಳನ್ನು ನಂಬಿ ಕೂರಲಾಗದ ಈ ನೆಲದಲ್ಲಿ ಹೊಯ್ಸಳರ ಕಾಲದವರು ಕೆರೆ ಕಟ್ಟಿದರು. ಹಳೇಬೀಡಿನ ದ್ವಾರಸಮುದ್ರ ರಾಜಧಾನಿಗೇ ಹೆಸರು ಕೊಟ್ಟಿತು. ಅರಸೀಕೆರೆ ಎಂಬುದು ಅರಸಿಯ ಕೆರೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೃಷ್ಣ ಗೋವರ್ಧನ ಎತ್ತಿದ ಶಿಲ್ಪವಿದೆ. ಇಂದ್ರ ಸುರಿಸಿದ ಮಳೆಗೆ ಹಿಡಿದ ಆ ಕೊಡೆಯ ಮೇಲೆ ಗಿಡಮರ, ಪ್ರಾಣಿಗಳೆಲ್ಲ ಕಿಕ್ಕಿರಿದಿವೆ. ಮಳೆಗಾಗಿ ಮುಗಿಲು ನೋಡುವ ಊರಿನಲ್ಲಿ ಮಳೆ ತಡೆಯುವ ಶಿಲ್ಪವೇ ಹೆಸರುವಾಸಿಯಾದದ್ದು ತಮಾಷೆಯ ಸಂಗತಿ.

ಮೋಡ ಕಟ್ಟುವ ಬಗೆ

ಏಪ್ರಿಲ್ ಬಿಸಿಲಿಗೆ ನೆಲ ಕಾದು, ನೆಲಕ್ಕಂಟಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಬಿಸಿಲೊಂದೇ ಸಾಲದು, ಪಸೆಯೂ ಬೇಕು. ಅದು ಅರಬ್ಬೀ ಸಮುದ್ರದಿಂದ ಪಡುವಣ ಗಾಳಿಯಲ್ಲಿ, ಬಂಗಾಳ ಕೊಲ್ಲಿಯಿಂದ ಮೂಡಣ ಗಾಳಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕ ಹಾದು ತಮಿಳುನಾಡಿನತ್ತ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿಯ ಉದ್ದಕ್ಕೂ ಈ ಎರಡು ಗಾಳಿಗಳು ಎದುರಾಗುತ್ತವೆ. ಪಟ್ಟಿ ಸ್ವಲ್ಪ ಮೂಡಲಿಗೆ ಸರಿದರೆ ತುಮಕೂರು ಸೀಮೆಗೆ ಮಳೆ. ಪಡುವಲಿಗೆ ಸರಿದರೆ ಚಿಕ್ಕಮಗಳೂರಿಗೆ. ಮುನ್ಸೂಚನೆಯಲ್ಲಿ ‘ಒಳನಾಡಿನ ಕೆಲವೆಡೆ’ ಎಂಬ ಮಾತು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಈ ಸರಿದಾಟ. ಕಾಯುವವರಿಗೆ ಆ ಎರಡು ಪದದಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ.

ಮುಂಜಾನೆ ನಿರ್ಮಲವಾದ ಆಕಾಶ, ಹತ್ತು ಗಂಟೆಗೆ ಧಗೆ, ಮಧ್ಯಾಹ್ನ ಗಾಳಿ ಸತ್ತು ಬೆವರು ಆರದಂಥ ಸೆಕೆ, ಎರಡು ಗಂಟೆಯ ಮೇಲೆ ಹೂಕೋಸಿನಂತೆ ಉಬ್ಬುವ ಬಿಳಿ ಮೋಡ: ಇವು ಎಲ್ಲರೂ ಬಲ್ಲ ಗುರುತುಗಳು. ಉಬ್ಬಿದ ಮೋಡದ ತುದಿ 12ರಿಂದ 15 ಕಿ.ಮೀ. ಎತ್ತರಕ್ಕೆ ಮುಟ್ಟಿ, ಅಲ್ಲಿ ಮುಂದೆ ಏರಲಾಗದೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಸುಮಾರು 5 ಕಿ.ಮೀ. ಮೇಲಕ್ಕೆ ನೀರು ಹೆಪ್ಪುಗಟ್ಟುವ ಚಳಿ. ಮೇಲ್ಮುಖ ಗಾಳಿ ಹನಿಗಳನ್ನು ಆ ಚಳಿಯಲ್ಲೇ ಹಿಡಿದು ಆಡಿಸಿದರೆ ಆಲಿಕಲ್ಲು ಕಟ್ಟುತ್ತದೆ. ಮಂಜುಹರಳುಗಳು ಒಂದನ್ನೊಂದು ತಿಕ್ಕಿ ವಿದ್ಯುತ್ತು ಬೇರ್ಪಟ್ಟರೆ ಮಿಂಚು.

ಇಂಥ ಒಂದು ಮೋಡದ ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಮಳೆಯೊಡನೆ ಕೆಳಗೆ ಧುಮುಕುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡಿ, ಮುಂದಿನ ಊರಿನ ಬಿಸಿಗಾಳಿಯನ್ನು ಎಬ್ಬಿಸಿ ಹೊಸ ಮೋಡ ಹುಟ್ಟಿಸುತ್ತದೆ. ಮಳೆಗೆ ಮುಂಚೆ ಬರುವ ಬಿರುಗಾಳಿ, ಧೂಳು, ಮಣ್ಣಿನ ವಾಸನೆ ಇದರ ಮುಂಚೂಣಿ. ಮಳೆ ‘ಹಾರಿಕೊಂಡು ಹೋಯಿತು’ ಎಂದು ಜನ ಅನ್ನುವುದು ತಪ್ಪಲ್ಲ. ಹಳೇಬೀಡಿಗೆ ಸುರಿದ ಮೋಡ ಜಾವಗಲ್ಲಿಗೆ ಬರಲೇ ಇಲ್ಲ, ಅಲ್ಲಿ ಸುರಿದದ್ದು ಅದರ ಮಗಳು.

ನಕ್ಷತ್ರ, ಪಂಚಾಂಗ, ಭವಿಷ್ಯ

ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು, ಹದಿನಾಲ್ಕು ದಿನಗಳೇ ಆ ಹೆಸರಿನ ಮಳೆಯ ಅವಧಿ. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ, ಭರಣಿ 27-28ಕ್ಕೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ ಹುಟ್ಟುತ್ತವೆ. ಭರಣಿ ಮಳೆಯನ್ನು ಧರಣಿಯ ಬೆಳೆಗೆ ಪ್ರಾಸ ಕೂಡಿಸುವ ಗಾದೆಗೆ ಅರಸೀಕೆರೆ ಕಡೆ ನೇರ ಅರ್ಥವಿದೆ: ಆ ಮಳೆಗೆ ಹೆಸರು, ಅಲಸಂದೆ, ಎಳ್ಳು ಬಿತ್ತಿದರೆ ರಾಗಿಗೆ ಮುಂಚೆ ಒಂದು ಬೆಳೆ ಕೈಗೆ ಬರುತ್ತದೆ. ಹಾಸನದ ಆಲೂಗಡ್ಡೆಯ ಕಥೆಯೂ ಹಾಗೆಯೇ. ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆ ಬಂದು ಹಾಸನದ ಮಾರುಕಟ್ಟೆ ತುಂಬುವ ಹೊತ್ತಿಗೆ ಹೊಲದಲ್ಲಿ ಹದ ಇರಬೇಕು.

ಯುಗಾದಿಯ ಪಂಚಾಂಗ ಶ್ರವಣದಲ್ಲಿ ಈ ವರ್ಷ ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂದು ಓದುತ್ತಾರೆ. ಪಕ್ಕದ ಬೀರೂರಿನ ಮೈಲಾರಲಿಂಗನ ಕಾರ್ಣಿಕದ ನುಡಿಯನ್ನು ಮಳೆಗೂ ಬೆಳೆಗೂ ಹೊಂದಿಸಿ ಅರ್ಥ ಬಿಡಿಸುತ್ತಾರೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಕೋಡಿಮಠದ ಸ್ವಾಮೀಜಿ ಮಳೆಯ ಬಗ್ಗೆ ಹೇಳಿದ ಮಾತು ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿ. ಇವೆಲ್ಲ ಇಡೀ ವರ್ಷಕ್ಕೆ ಸಲ್ಲುವ ಮಾತುಗಳು. ಇವತ್ತು ಸಂಜೆ ಒಣಹಾಕಿದ ಕೊಬ್ಬರಿ ಒಳಗೆ ತರಬೇಕೇ ಎಂಬ ಪ್ರಶ್ನೆಗೆ ಇವು ಉತ್ತರಿಸುವುದಿಲ್ಲ, ಯಾರೂ ಅದಕ್ಕಾಗಿ ಕೇಳುವುದೂ ಇಲ್ಲ.

ಹದ ಮತ್ತು ಸೆಂಟ್ಸು

ಈ ಸೀಮೆಯಲ್ಲಿ ಮಳೆಯನ್ನು ಅಳೆಯುವ ಭಾಷೆ ಎರಡು. ಅರಸೀಕೆರೆಯ ರೈತ ‘ಹದ ಆಯ್ತಾ?’ ಎನ್ನುತ್ತಾನೆ. ಗುದ್ದಲಿಯಲ್ಲಿ ಕೆತ್ತಿ ನೋಡಿ, ಮೇಲಿನ ಹಸಿ ಕೆಳಗಿನ ಹಸಿಗೆ ಕೂಡಿತೇ, ನೇಗಿಲು ಹೂಡಬಹುದೇ, ಬಿತ್ತಬಹುದೇ ಎಂದು ತೀರ್ಮಾನಿಸುತ್ತಾನೆ. ಹದ ಎಂದರೆ ಬರೀ ನೀರಿನ ಪ್ರಮಾಣವಲ್ಲ. ಮಣ್ಣು ಕೆಂಪೋ ಕಪ್ಪೋ, ಮಳೆ ನಿಧಾನವಾಗಿ ಇಳಿಯಿತೋ ರಭಸಕ್ಕೆ ಹರಿದು ಹೋಯಿತೋ ಎಂಬುದೆಲ್ಲ ಅದರಲ್ಲಿ ಅಡಗಿದೆ. ಅರ್ಧ ಗಂಟೆಯಲ್ಲಿ 40 ಮಿ.ಮೀ. ಸುರಿದರೂ ಹದವಾಗದೆ ಇರಬಹುದು.

ಬೇಲೂರಿನ ಕಾಫಿ ಬೆಳೆಗಾರ ಮಾತಾಡುವುದು ಇಂಚು, ಸೆಂಟ್ಸಿನಲ್ಲಿ. ಇಂಚನ್ನು ನೂರು ಭಾಗ ಮಾಡಿದರೆ ಒಂದು ಸೆಂಟ್. ‘ರಾತ್ರಿ 60 ಸೆಂಟ್ಸ್ ಆಯ್ತು’ ಎಂದರೆ ಸುಮಾರು 15 ಮಿ.ಮೀ. ಬ್ರಿಟಿಷ್ ತೋಟಗಳ ಕಾಲದಿಂದ ಬಂದ ಈ ಲೆಕ್ಕವನ್ನು ಮೆಟ್ರಿಕ್ ಪದ್ಧತಿ ಅಲುಗಿಸಿಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಅಂಗಳದ ಮಳೆಮಾಪಕವೂ ದಿನದ ಮಳೆ ಬರೆದಿಟ್ಟ ಪುಸ್ತಕಗಳೂ ತಲೆಮಾರು ದಾಟಿ ಬಂದಿವೆ. ಅಂಕಿಯ ಮೇಲೆ ಈ ಹಟಕ್ಕೆ ಕಾರಣ ಹೂಮಳೆ. ರೊಬಸ್ಟಾ ಗಿಡದ ಮೊಗ್ಗು ಬೇಸಿಗೆಯ ಒಣ ದಿನಗಳಲ್ಲಿ ಸುಮ್ಮನೆ ಕೂತಿದ್ದು, ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಇಂಚಿಗೆ ಕಡಿಮೆಯಿಲ್ಲದ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಅರಳುತ್ತದೆ. ಮಳೆ ಅರೆಬರೆಯಾದರೆ ಮೊಗ್ಗು ಪೂರ್ತಿ ಅರಳಲೂ ಆಗದೆ ಹಾಗೇ ಉಳಿಯಲೂ ಆಗದೆ ಕೆಡುತ್ತದೆ. ಹೂವಿನ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಹೂ ಉದುರಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಬೆಳೆಗಾರರ ಮಾತಿನ ‘ಬ್ಯಾಕಿಂಗ್’ ಮಳೆ, ಬಾರದಿದ್ದರೆ ಕಾಯಿ ನಿಲ್ಲದು. 30 ಸೆಂಟ್ಸ್ ಬಿದ್ದ ರಾತ್ರಿ ತುಂತುರು ನೀರಾವರಿಯ ಪಂಪು ಹೊರಡಿಸಬೇಕೇ, ನಾಳೆಯ ಮೋಡಕ್ಕೆ ಕಾಯಬೇಕೇ ಎಂಬ ಲೆಕ್ಕದಲ್ಲಿ ಡೀಸೆಲ್ಲಿನ ಖರ್ಚೂ ವರ್ಷದ ಫಸಲೂ ಎದುರುಬದುರು ಕೂರುತ್ತವೆ. ಪಕ್ಕದ ತೋಟಕ್ಕೆ ಎಷ್ಟಾಯಿತೆಂದು ರಾತ್ರಿಯೇ ತಿಳಿಯುವ ಆತುರ ಇಲ್ಲಿಂದ ಬಂದದ್ದು.

ಮಾಪಕ, ಉಪಗ್ರಹ, ಮೊಬೈಲು

ಅಳತೆಯ ಸರ್ಕಾರಿ ಚರಿತ್ರೆ ಇಲ್ಲಿ ಹಳೆಯದು. 1890ರ ದಶಕದಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರು, ಚಿತ್ರದುರ್ಗಗಳ ಜೊತೆಗೆ ಹಾಸನದಲ್ಲೂ ಹವಾ ವೀಕ್ಷಣಾಲಯ ನಡೆಸಿತು. ಅವುಗಳ ವಾರ್ಷಿಕ ವರದಿಗಳನ್ನು ಸಿದ್ಧಪಡಿಸಿದವನು ಜಾನ್ ಕುಕ್. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಸಂಸ್ಥೆ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಅದು ಪಂಚಾಯಿತಿಗೊಂದರಂತೆ ಹಾಕಿದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ರೈತರು ಕರೆ ಮಾಡಿ ಕೇಳಲು ‘ವರುಣಮಿತ್ರ’ ಎಂಬ ಸಹಾಯವಾಣಿ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಇಂಥ ಮಾಪಕದ ಅಂಕಿಗಳ ಮೇಲೆ ನಿಂತಿರುವುದರಿಂದ, ಪಂಚಾಯಿತಿ ಮಾಪಕದಲ್ಲಿ 4 ಮಿ.ಮೀ., ತೋಟದಲ್ಲಿ ಎರಡು ಇಂಚು ಎಂಬ ವ್ಯತ್ಯಾಸ ಬರೀ ಹರಟೆಯ ವಿಷಯವಲ್ಲ.

ರೇಡಾರಿನ ವಿಷಯದಲ್ಲಿ ಈ ಸೀಮೆಯ ಅದೃಷ್ಟ ಬಹುಕಾಲ ಅಷ್ಟು ಚೆನ್ನಾಗಿರಲಿಲ್ಲ. ಡಾಪ್ಲರ್ ರೇಡಾರು ಮಳೆಯ ಪ್ರಮಾಣವನ್ನು ನಂಬುವಂತೆ ಹೇಳುವುದು ಸುಮಾರು 250 ಕಿ.ಮೀ. ಒಳಗೆ. ಪಣಜಿ, ಕೊಚ್ಚಿ, ಚೆನ್ನೈಗಳ ರೇಡಾರುಗಳು ಮೂರೂ ಅರಸೀಕೆರೆಯಿಂದ 350 ಕಿ.ಮೀ.ಗೂ ಆಚೆ. ಭೂಮಿ ದುಂಡಗಿರುವುದರಿಂದ ಅಷ್ಟು ದೂರಕ್ಕೆ ಅವುಗಳ ಕಿರಣ ಮೋಡದ ನೆತ್ತಿಯನ್ನಷ್ಟೇ ಸವರುತ್ತದೆ. ಉಪಗ್ರಹದ ನಂಟು ಮಾತ್ರ ಹತ್ತಿರದ್ದು. ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದರೂ ಅವುಗಳ ಲಗಾಮು ಇರುವುದು ಹಾಸನದಲ್ಲಿ, 1982ರಲ್ಲಿ ಆರಂಭವಾದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ಕೈಯಲ್ಲಿ. ಅರಸೀಕೆರೆಯ ಹುಡುಗ ಮೊಬೈಲಿನಲ್ಲಿ ನೋಡುವ ಮೋಡದ ಚಿತ್ರ ತೆಗೆದ ಉಪಗ್ರಹಕ್ಕೆ ಅಪ್ಪಣೆ ಹೋದದ್ದು ಅವನ ಜಿಲ್ಲಾ ಕೇಂದ್ರದಿಂದಲೇ.

ಒಂದು ಉಪಗ್ರಹದ ಚಿತ್ರ ಬರುವುದು ಅರ್ಧ ಗಂಟೆಗೊಮ್ಮೆ. ಮೋಡದ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ 20, 40 ಕಿ.ಮೀ. ಒಳಗೆ ಈಚಿನ ನಿಮಿಷಗಳಲ್ಲಿ ಬಡಿದ ಸಿಡಿಲನ್ನು ತೋರಿಸುತ್ತದೆ, ಮಳೆಯನ್ನಲ್ಲ. ‘ವಿಂಡಿ’ಯಂಥ ತಾಣಗಳಲ್ಲಿ ಗಾಳಿಯ ಗೆರೆ, ಮೋಡ ಏರಬಲ್ಲ ಶಕ್ತಿ ಕಾಣುತ್ತವೆ. ಆದರೆ ಹತ್ತು ಕಿ.ಮೀ. ಆಸುಪಾಸಿನ ಚೌಕಗಳಲ್ಲಿ ಲೆಕ್ಕ ಹಾಕುವ ಮಾದರಿಗೆ ಹಳೇಬೀಡು ಬೇರೆ, ಪಕ್ಕದ ಹಳ್ಳಿ ಬೇರೆ ಎಂಬ ಭೇದ ತಿಳಿಯದು. 2025ರ ಮೇ 26ರಂದು ಬಿಡುಗಡೆಯಾದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಚೌಕವನ್ನು 6 ಕಿ.ಮೀ.ಗೆ ಇಳಿಸಿತು. ಹೊಲದ ಬದುವಿನವರೆಗೆ ಇಳಿಯಲು ಇನ್ನೂ ದೂರವಿದೆ.

ಈ ತೂತುಗಳನ್ನು ತುಂಬುವುದು ಜನರೇ. ತಿಪಟೂರಿನವರು ಮೂಡಲ ಕಡೆ ಕಪ್ಪಾಯಿತೆಂದು ಫೋಟೋ ಹಾಕುತ್ತಾರೆ. ಬಾಣಾವರದವರು ಗಾಳಿ ಎದ್ದಿತೆನ್ನುತ್ತಾರೆ. ಜಾವಗಲ್ಲಿನಿಂದ ಆಲಿಕಲ್ಲು ಬಡಿಯುವ ತಗಡಿನ ಸದ್ದಿನ ವಿಡಿಯೊ ಬರುತ್ತದೆ. ಎಲ್ಲವನ್ನೂ ನಂಬುವಂತಿಲ್ಲ. ಹಿಂದಿನ ವರ್ಷದ ವಿಡಿಯೊ ಹೊಸದಾಗಿ ಓಡಾಡುತ್ತದೆ, ಊರಿನ ಹೆಸರಿಲ್ಲದ ‘ಇಲ್ಲಿ ಭಾರೀ ಮಳೆ’ ಯಾರಿಗೂ ಉಪಯೋಗವಿಲ್ಲ. ಪಳಗಿದವರು ಊರು, ಹೊತ್ತು, ಮೋಡ ಸಾಗುವ ದಿಕ್ಕು ಈ ಮೂರನ್ನೂ ಬರೆಯುತ್ತಾರೆ. ಬೆಳಿಗ್ಗೆ ಅಳತೆಯ ಸರದಿ. ಇಲಾಖೆಯ ಲೆಕ್ಕದಲ್ಲಿ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಆದ್ದರಿಂದ ನಿನ್ನೆ ಸಂಜೆಯ ಮಳೆ ಇವತ್ತಿನ ತಾರೀಖಿಗೆ ದಾಖಲಾಗುತ್ತದೆ. ನಿನ್ನೆ ಎಂದವರಿಗೂ ಇವತ್ತು ಎಂದವರಿಗೂ ಇದರಿಂದ ಹತ್ತುವ ಜಗಳ ಪ್ರತಿ ಬೇಸಿಗೆಯದು.

ಸಿಡಿಲು

ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ನಿಂತದ್ದು ತೆಂಗು, ಹಾಗಾಗಿ ಸಿಡಿಲಿಗೆ ಅರಸೀಕೆರೆ ಸೀಮೆಯ ತೆಂಗಿನ ತೋಟ ಸುಲಭದ ಗುರಿ. ಸುಳಿ ಸುಟ್ಟ ಮರ ಮತ್ತೆ ಚಿಗುರದು. ಮಳೆಗೆ ಮರದಡಿ ನಿಲ್ಲುವ, ದನ ಕಟ್ಟುವ ಅಭ್ಯಾಸ ಜೀವಕ್ಕೆ ಎರವಾಗುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರವೆಂದು ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಗಟ್ಟಿ ಸೂರಿನ ಒಳಗೆ ಸೇರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಹಿರಿಯರು ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. ಹೇಳುವವರು ಹೇಗೂ ಮನೆಯೊಳಗೇ ಕೂತಿರುತ್ತಿದ್ದರು.

ಕಾಲದ ಏರುಪೇರು

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮರುವರ್ಷದ ಬೇಸಿಗೆಯಲ್ಲಿ ಜನ ಮುಗಿಲು ನೋಡಿದ್ದು ಹವ್ಯಾಸಕ್ಕಲ್ಲ. 2025 ಅದಕ್ಕೆ ತದ್ವಿರುದ್ಧ. ಜೂನ್ 1ರ ಸುಮಾರಿಗೆ ಬರಬೇಕಾದ ಮುಂಗಾರು ಮೇ 24ರಂದೇ ಕೇರಳ ತಲುಪಿತು, 2009ರಿಂದ ಈಚೆಗೆ ಅಷ್ಟು ಬೇಗ ಬಂದಿರಲಿಲ್ಲ. ಮೇ 26ಕ್ಕೆ ಬೆಂಗಳೂರು, ಮುಂಬಯಿಗಳನ್ನೂ ದಾಟಿತ್ತು. ಸಂಜೆಯ ಗುಡುಗಿನ ಬದಲು ಹಗಲಿಡೀ ಜಿಟಿಜಿಟಿ. ಇಲಾಖೆಯ ಪಟ್ಟಿಯಲ್ಲಿ ಮುಂಗಾರಿನ ಲೆಕ್ಕ ಶುರುವಾಗುವುದು ಜೂನ್ 1ರಿಂದ. ಹಾಗಾಗಿ ಮೇ ಕೊನೆಯ ವಾರ ಸುರಿದ ಮುಂಗಾರು ಮಳೆಯೂ ಮುಂಗಾರು ಪೂರ್ವದ ಖಾತೆಗೇ ಜಮೆಯಾಯಿತು. ಪಂಚಾಂಗದವರಿಗೆ ಈ ಗೋಜಲಿಲ್ಲ: ಮೇ 24ರವರೆಗೆ ಬಿದ್ದದ್ದು ಕೃತ್ತಿಕೆ, 25ರಿಂದ ರೋಹಿಣಿ.